ಸಬ್‌ವೂಫರ್ ಡಬ್ಬ: ಮರ ಕೊಯ್ಯುವ ಮೊದಲು ಗೆರೆ ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮನೆಗೆ ಸಬ್‌ವೂಫರ್, ಅಂದರೆ ತೀರಾ ಕೆಳಗಿನ ಸ್ವರಕ್ಕೆ ಮೀಸಲಾದ ಸ್ಪೀಕರ್ ಡಬ್ಬ, ಮಾಡಿಸುವುದು ಸಾಧಾರಣ ಹೀಗೆ. ಸ್ಪೀಕರ್ ಮಂಗಳೂರಿನಿಂದ ಬರುತ್ತದೆ. ಆಂಪ್ಲಿಫೈಯರ್ ಗಲ್ಫ್‌ನಿಂದ ಬಂದ ನೆಂಟರು ತಂದದ್ದು. ಡಬ್ಬಕ್ಕೆ ಮಾತ್ರ ಊರಿನ ಮರದ ಆಚಾರಿ. "ಎಷ್ಟು ದೊಡ್ಡದು ಬೇಕು?" ಅಂತ ಅವರು ಕೇಳುತ್ತಾರೆ. ನಾವು ಎರಡೂ ಕೈ ಅಗಲಿಸಿ ತೋರಿಸುತ್ತೇವೆ. ತಪ್ಪು ಶುರುವಾಗುವುದು ಅಲ್ಲೇ.

ನನ್ನ ಮೊದಲ ಡಬ್ಬವೂ ಹಾಗೇ ಆದದ್ದು. 12 ಇಂಚಿನ ಸ್ಪೀಕರ್. ಡಬ್ಬದ ಒಳಗೆ 50 ಸೆಂ.ಮೀ. ಅಗಲ, 50 ಆಳ, 48 ಎತ್ತರ. ಅಂದರೆ 120 ಲೀಟರ್. ಬಚ್ಚಲಿನ ಕೆಲಸದಲ್ಲಿ ಉಳಿದಿದ್ದ 110 ಮಿ.ಮೀ. ಪಿವಿಸಿ ಪೈಪಿನ 6 ಸೆಂ.ಮೀ. ತುಂಡೇ ಪೋರ್ಟ್ ಆಯಿತು, ಅಂದರೆ ಡಬ್ಬದೊಳಗಿನ ಗಾಳಿ ಓಡಾಡುವ ಕೊಳವೆ. ಮೊದಲ ದಿನ ಖುಷಿಯೋ ಖುಷಿ. ವಾರ ಕಳೆಯುವಾಗ ಗೊತ್ತಾಯಿತು, ಯಾವ ಹಾಡು ಹಾಕಿದರೂ ಕೆಳಗಿನಿಂದ ಬರುವುದು ಒಂದೇ ಸ್ವರ. ಬೇಸ್ ಗಿಟಾರ್ ಮೇಲೆ ಹೋದರೂ ಕೆಳಗೆ ಬಂದರೂ ಅದೇ ಗುಂಯ್. ಡಬ್ಬವನ್ನು ಜಗಲಿಗೆ ತಂದಿಟ್ಟರೆ ಸ್ವಲ್ಪ ವಾಸಿ. ಕೋಣೆಯೊಳಗೆ ಇಟ್ಟರೆ ಕೂರುವುದೇ ಕಷ್ಟ.

ಎಷ್ಟೋ ಕಾಲದ ಮೇಲೆ ಅದೇ ಡಬ್ಬದ ಅಳತೆಯನ್ನು ವಿನ್‌ಐಎಸ್‌ಡಿ ಎಂಬ ಸಾಫ್ಟ್‌ವೇರ್‌ಗೆ ಹಾಕಿ ನೋಡಿದೆ. ಯಾವ ಸ್ವರ ಎಷ್ಟು ಜೋರು ಬರುತ್ತದೆ ಅಂತ ಅದು ಗೆರೆ ಎಳೆದು ತೋರಿಸುತ್ತದೆ. ಸ್ವರದ ಅಳತೆ ಹರ್ಟ್ಜ್‌ನಲ್ಲಿ, ಅಂಕಿ ಕಡಿಮೆಯಾದಷ್ಟೂ ಸ್ವರ ಕೆಳಗೆ. ಜೋರಿನ ಅಳತೆ ಡೆಸಿಬೆಲ್‌ನಲ್ಲಿ. ಗೆರೆ 45 ಹರ್ಟ್ಜ್ ಹತ್ತಿರ ಗುಡ್ಡದ ಹಾಗೆ ಎದ್ದಿತ್ತು. ಸುಮಾರು 5 ಡೆಸಿಬೆಲ್ ಎತ್ತರ. ನನ್ನ ಕೋಣೆಯ ಉದ್ದ 12 ಅಡಿ. ಆ ಉದ್ದಕ್ಕೆ ಗಾಳಿ ತಾನಾಗಿಯೇ ಮೊಳಗುವುದು 47 ಹರ್ಟ್ಜ್‌ನಲ್ಲಿ. ಡಬ್ಬದ ಗುಡ್ಡದ ಮೇಲೆ ಕೋಣೆಯ ಗುಡ್ಡ. ಜಗಲಿಯಲ್ಲಿ ಯಾಕೆ ವಾಸಿ ಅನಿಸಿತು ಅಂತ ಆಗ ಅರ್ಥವಾಯಿತು. ಅಲ್ಲಿ ಗೋಡೆಯೇ ಇರಲಿಲ್ಲ. ಈ ಗೆರೆಯನ್ನು ಮರ ಕೊಯ್ಯುವ ಮೊದಲೇ ನೋಡಿದ್ದರೆ ಒಂದು ಶೀಟ್ ಪ್ಲೈವುಡ್ ಉಳಿಯುತ್ತಿತ್ತು. ನಿಮಗೆ ಅದು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಪೋರ್ಟ್ ಮಾಡುವ ಕೆಲಸ ಏನು

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದೆ, ಅಲ್ವಾ? ಬಾಟಲಿಯ ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗ್. ಕುತ್ತಿಗೆಯ ಗಾಳಿ ಅದಕ್ಕೆ ಕಟ್ಟಿದ ತೂಕ. ವೆಂಟೆಡ್ ಡಬ್ಬ, ಅಂದರೆ ಪೋರ್ಟ್ ಇರುವ ಡಬ್ಬ, ಅದೂ ಹೀಗೇ. ಹೊಟ್ಟೆ ದೊಡ್ಡದಾದರೆ ಸ್ವರ ಇಳಿಯುತ್ತದೆ. ಕುತ್ತಿಗೆ ಉದ್ದವಾದರೂ ಇಳಿಯುತ್ತದೆ. ಕುತ್ತಿಗೆ ಅಗಲವಾದರೆ ಏರುತ್ತದೆ. ಆ ಸ್ವರವನ್ನು ಡಬ್ಬದ ಶ್ರುತಿ ಅನ್ನೋಣ. ಸಾಫ್ಟ್‌ವೇರ್‌ನಲ್ಲಿ ಅದರ ಹೆಸರು ಎಫ್‌ಬಿ.

ಶ್ರುತಿಯ ಜಾಗದಲ್ಲಿ ಒಂದು ವಿಶೇಷ ನಡೆಯುತ್ತದೆ. ಸ್ಪೀಕರಿನ ಕೋನ್, ಅಂದರೆ ಹಿಂದೆ ಮುಂದೆ ಅಲುಗುವ ಬಟ್ಟಲಿನಂಥ ಭಾಗ, ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. ಶಬ್ದವೆಲ್ಲ ಪೋರ್ಟಿನಿಂದ ಬರುತ್ತದೆ. ಮುಚ್ಚಿದ ಡಬ್ಬಕ್ಕಿಂತ ವೆಂಟೆಡ್ ಡಬ್ಬ ಕೆಳಗಿನ ಸ್ವರದಲ್ಲಿ ಜೋರು ಕೇಳುವುದು ಇದರಿಂದಲೇ. ಆದರೆ ಶ್ರುತಿಗಿಂತ ಕೆಳಗೆ ಹೋದರೆ ಕಥೆ ಬೇರೆ. ಅಲ್ಲಿ ಗಾಳಿ ಸುಮ್ನೆ ಪೋರ್ಟಿನಿಂದ ಒಳಗೆ ಹೊರಗೆ ಹೋಗುತ್ತದೆ. ಕೋನ್‌ಗೆ ಹಿಡಿತವೇ ಇರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಈ ಲೆಕ್ಕವನ್ನು ಇಂದಿನ ರೂಪಕ್ಕೆ ತಂದವರು ಆಸ್ಟ್ರೇಲಿಯಾದ ಇಂಜಿನಿಯರ್ ನೆವಿಲ್ ಥೀಲ್. ಅವರು 1961ರಲ್ಲಿ ಅದನ್ನು ಪ್ರಕಟಿಸಿದರು. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಸ್ಪೀಕರ್ ಜೊತೆ ಬರುವ ಥೀಲ್-ಸ್ಮಾಲ್ ಅಂಕಿಗಳು ಅವರಿಬ್ಬರ ಹೆಸರಿನವು.

ಮೊದಲು ಸ್ಪೀಕರಿನ ಜಾತಕ

ಆ ಅಂಕಿಗಳಿಲ್ಲದೆ ಸಾಫ್ಟ್‌ವೇರ್ ತೆರೆಯುವುದೇ ಬೇಡ. ಮುಖ್ಯವಾದವು ಇಷ್ಟು. ಎಫ್‌ಎಸ್ ಅಂದರೆ ಸ್ಪೀಕರ್ ಡಬ್ಬವಿಲ್ಲದೆ ತಾನಾಗಿ ಅಲುಗುವ ಸ್ವರ. ಕ್ಯೂಟಿಎಸ್ ಅಂದರೆ ಆ ಅಲುಗಾಟಕ್ಕೆ ಎಷ್ಟು ಬೇಗ ಬ್ರೇಕ್ ಬೀಳುತ್ತದೆ ಎಂಬುದು. ಅಂಕಿ ಸಣ್ಣದಾದಷ್ಟೂ ಬ್ರೇಕ್ ಗಟ್ಟಿ. ಅದರಲ್ಲಿ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಮತ್ತು ಅಯಸ್ಕಾಂತದ ಪಾಲು ಕ್ಯೂಇಎಸ್, ಸ್ಪ್ರಿಂಗ್ ಕಡೆಯ ಪಾಲು ಕ್ಯೂಎಂಎಸ್. ವಿಎಎಸ್ ಅಂದರೆ ಕೋನಿನ ಸ್ಪ್ರಿಂಗ್‌ನಷ್ಟೇ ಮೆತ್ತಗಿರುವ ಗಾಳಿ ಎಷ್ಟು ಲೀಟರ್ ಎಂಬುದು. ಎಸ್‌ಡಿ ಕೋನಿನ ವಿಸ್ತೀರ್ಣ. ಎಕ್ಸ್‌ಮ್ಯಾಕ್ಸ್ ಅಂದರೆ ಕೋನ್ ಒಂದು ಕಡೆಗೆ ಎಷ್ಟು ಮಿಲಿಮೀಟರ್ ಸರಿಯಾಗಿ ಓಡಬಲ್ಲದು ಎಂಬುದು. ಆರ್‌ಇ ಕಾಯಿಲಿನ ಓಮ್.

ಸ್ಪೀಕರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 'ಪಿಎಂಪಿಒ' ವ್ಯಾಟ್‌ಗಳನ್ನು ನೋಡಲೇ ಬೇಡಿ. ಆ ಅಂಕಿಯಿಂದ ಡಬ್ಬಕ್ಕೆ ಏನೂ ಪ್ರಯೋಜನವಿಲ್ಲ. ಥೀಲ್-ಸ್ಮಾಲ್ ಅಂಕಿಗಳ ಹಾಳೆ ಕೇಳಿ. ಹಾಳೆ ಇಲ್ಲದಿದ್ದರೆ ನೀವೇ ಅಳೆಯಬಹುದು. ಆರ್‌ಇಡಬ್ಲ್ಯೂ ಎಂಬ ಸಾಫ್ಟ್‌ವೇರ್ ಉಚಿತ. ಒಂದು ಯುಎಸ್‌ಬಿ ಸೌಂಡ್ ಕಾರ್ಡ್, 100 ಓಮ್‌ನ ಒಂದು ರೆಸಿಸ್ಟರ್, ನಾಲ್ಕು ತಂತಿ ಇದ್ದರೆ ಇಂಪೀಡೆನ್ಸ್ ಗೆರೆ, ಅಂದರೆ ಸ್ವರ ಬದಲಾದ ಹಾಗೆ ಸ್ಪೀಕರಿನ ಓಮ್ ಹೇಗೆ ಬದಲಾಗುತ್ತದೆ ಎಂಬುದು, ಸಿಗುತ್ತದೆ.

ವಿಎಎಸ್ ಅಳೆಯುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಕೋನಿನ ಮೇಲೆ ಗೊತ್ತಿರುವ ಒಂದು ತೂಕ ಅಂಟಿಸಿ ಎರಡನೇ ಸಲ ಅಳೆಯಬೇಕು. ನಾನು ಮಕ್ಕಳು ಆಡುವ ಕ್ಲೇ ತೆಗೆದುಕೊಂಡು ಚಿನ್ನದಂಗಡಿಗೆ ಹೋದೆ. ಅವರ ತಕ್ಕಡಿಯಲ್ಲಿ ಸರಿಯಾಗಿ 50 ಗ್ರಾಂ ಮಾಡಿಸಿಕೊಂಡು ಬಂದೆ. ಅದನ್ನು ಬಳೆಯ ಹಾಗೆ ಹೊಸೆದು, ನಡುವಿನ ಟೊಪ್ಪಿಯ ಸುತ್ತ ಒತ್ತಿ ಕೂರಿಸಿದೆ. ಎಫ್‌ಎಸ್ 28ರಿಂದ 24ಕ್ಕೆ ಇಳಿಯಿತು. ಆ ಇಳಿತದಿಂದ ಸಾಫ್ಟ್‌ವೇರ್ ಕೋನಿನ ತೂಕವನ್ನೂ ವಿಎಎಸ್ಸನ್ನೂ ಲೆಕ್ಕ ಹಾಕಿತು. ಕ್ಲೇ ಸಡಿಲವಾಗಿ ಅಲುಗಿದರೆ ಗೆರೆಯಲ್ಲಿ ಸಣ್ಣ ಸಣ್ಣ ಮುಳ್ಳು ಕಾಣುತ್ತದೆ. ಆಗ ತೆಗೆದು ಮತ್ತೆ ಒತ್ತಬೇಕು. ಹೊಸ ಸ್ಪೀಕರ್ ಆದರೆ ಕೆಲವು ಗಂಟೆ ಮೆಲ್ಲಗೆ ಓಡಿಸಿದ ಮೇಲೆ ಅಳೆಯಿರಿ. ಹೊಸದರಲ್ಲಿ ಸ್ಪ್ರಿಂಗ್ ಬಿಗಿ ಇರುತ್ತದೆ, ಎಫ್‌ಎಸ್ ಮೇಲೆ ತೋರಿಸುತ್ತದೆ.

ನನ್ನ 12 ಇಂಚಿನ ಸ್ಪೀಕರಿಗೆ ಸಿಕ್ಕಿದ್ದು ಹೀಗೆ: ಎಫ್‌ಎಸ್ 28 ಹರ್ಟ್ಜ್, ಕ್ಯೂಇಎಸ್ 0.41, ಕ್ಯೂಎಂಎಸ್ 5.2, ಕ್ಯೂಟಿಎಸ್ 0.38, ವಿಎಎಸ್ 80 ಲೀಟರ್, ಎಸ್‌ಡಿ 490 ಚದರ ಸೆಂ.ಮೀ., ಎಕ್ಸ್‌ಮ್ಯಾಕ್ಸ್ 10 ಮಿ.ಮೀ., ಆರ್‌ಇ 3.5 ಓಮ್. ಕೆಳಗಿನ ಲೆಕ್ಕವೆಲ್ಲ ಇದಕ್ಕೇ ಮಾಡಿದ್ದು. ನಿಮ್ಮ ಸ್ಪೀಕರಿಗೆ ನನ್ನ ಡಬ್ಬದ ಅಳತೆ ಹೊಂದುವುದಿಲ್ಲ. ದಾರಿ ಮಾತ್ರ ಒಂದೇ.

ಸ್ಪೀಕರ್ ವೆಂಟೆಡ್ ಡಬ್ಬಕ್ಕೆ ಒಗ್ಗುತ್ತದೆಯೇ ಅಂತ ಬೇಗ ನೋಡಲು ಎಫ್‌ಎಸ್ಸನ್ನು ಕ್ಯೂಇಎಸ್‌ನಿಂದ ಭಾಗಿಸಿ. 50ಕ್ಕಿಂತ ಕಡಿಮೆ ಬಂದರೆ ಮುಚ್ಚಿದ ಡಬ್ಬ ಒಳ್ಳೆಯದು. 100ರ ಹತ್ತಿರ ಬಂದರೆ ವೆಂಟೆಡ್. ನನ್ನದು 68. ಎರಡೂ ನಡೆಯುತ್ತದೆ. ನನಗೆ 30 ಹರ್ಟ್ಜ್ ತನಕ ಬೇಕಿತ್ತು, ಹಾಗಾಗಿ ವೆಂಟೆಡ್. ನೀವು ಬರೀ ಯಕ್ಷಗಾನ, ಭಜನೆ ಕೇಳುವವರಾದರೆ ಇಷ್ಟು ಕೆಳಗೆ ಹೋಗಬೇಕಾಗಿಯೇ ಇಲ್ಲ. ಚೆಂಡೆಯ ಶಬ್ದ ಇರುವುದು ಇದಕ್ಕಿಂತ ಬಹಳ ಮೇಲೆ.

ಸಾಫ್ಟ್‌ವೇರ್‌ಗೆ ತುಂಬಿಸುವುದು

ವಿನ್‌ಐಎಸ್‌ಡಿ ಉಚಿತ. ವಿಂಡೋಸ್‌ನಲ್ಲಿ ಓಡುತ್ತದೆ. ಹಾರ್ನ್‌ರೆಸ್ಪ್, ವಿಟುಯಿಕ್ಸ್‌ಕ್ಯಾಡ್ ಕೂಡ ಉಚಿತವೇ, ಇನ್ನೂ ಆಳಕ್ಕೆ ಹೋಗುತ್ತವೆ. ಆದರೆ ಮೊದಲ ಡಬ್ಬಕ್ಕೆ ವಿನ್‌ಐಎಸ್‌ಡಿ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹೊಸ ಡ್ರೈವರ್ ತೆರೆಯಿರಿ. ಸಾಫ್ಟ್‌ವೇರ್ ಸ್ಪೀಕರನ್ನು ಡ್ರೈವರ್ ಅನ್ನುತ್ತದೆ. ಅಲ್ಲಿ ಎಲ್ಲ ಖಾನೆಗೂ ಅಂಕಿ ತುಂಬಿಸಲು ಹೋಗಬೇಡಿ. ಒಂದು ಅಂಕಿಯಿಂದ ಇನ್ನೊಂದನ್ನು ಅದೇ ಲೆಕ್ಕ ಹಾಕುತ್ತದೆ. ಕ್ಯೂಎಂಎಸ್, ಕ್ಯೂಇಎಸ್ ಕೊಡಿ, ಕ್ಯೂಟಿಎಸ್ ತಾನೇ ಬರುತ್ತದೆ. ಆಮೇಲೆ ಎಫ್‌ಎಸ್, ವಿಎಎಸ್, ಎಸ್‌ಡಿ, ಆರ್‌ಇ, ಎಕ್ಸ್‌ಮ್ಯಾಕ್ಸ್, ಕೊನೆಗೆ ತಾಳುವ ವ್ಯಾಟ್. ಕೋನಿನ ತೂಕ ತಾನಾಗಿ ಬಂದಾಗ ಅದನ್ನು ಹಾಳೆಯ ಅಂಕಿ ಜೊತೆ ಹೋಲಿಸಿ. ತುಂಬಾ ದೂರ ಇದ್ದರೆ ಎಲ್ಲೋ ತಪ್ಪಿದೆ. ಹೆಚ್ಚಿನ ಸಲ ತಪ್ಪುವುದು ಯುನಿಟ್‌ನಲ್ಲಿ. ಚದರ ಸೆಂ.ಮೀ. ಜಾಗದಲ್ಲಿ ಚದರ ಮೀಟರ್ ಇರುತ್ತದೆ, ಲೀಟರ್ ಜಾಗದಲ್ಲಿ ಘನ ಅಡಿ ಇರುತ್ತದೆ. ಯುನಿಟ್ ಮೇಲೆ ಒತ್ತಿದರೆ ಬದಲಾಗುತ್ತದೆ.

ಆಮೇಲೆ ಹೊಸ ಪ್ರಾಜೆಕ್ಟ್, ಒಂದು ಸ್ಪೀಕರ್, ವೆಂಟೆಡ್. ಸಾಫ್ಟ್‌ವೇರ್ ತಾನೇ ಒಂದು ಗಾತ್ರ, ಒಂದು ಶ್ರುತಿ ಸೂಚಿಸುತ್ತದೆ. ಅದನ್ನು ಪಂಚಾಯ್ತಿಯ ತೀರ್ಪು ಅಂತ ತಿಳಿಯಬೇಡಿ, ಮಾತು ಶುರುಮಾಡಲು ಒಂದು ಜಾಗ ಅಷ್ಟೇ. ಕೈಲೆಕ್ಕದಲ್ಲಿ ನನ್ನ ಸ್ಪೀಕರಿಗೆ 65ರಿಂದ 75 ಲೀಟರ್, 28ರಿಂದ 30 ಹರ್ಟ್ಜ್ ಬಂತು. ನಾನು 65 ಲೀಟರ್, 30 ಹರ್ಟ್ಜ್ ಹಿಡಿದೆ. ಗೆರೆ 40 ಹರ್ಟ್ಜ್ ತನಕ ಸಪಾಟು. 30 ಹರ್ಟ್ಜ್‌ನಲ್ಲಿ 3 ಡೆಸಿಬೆಲ್ ಕೆಳಗೆ. 20ರಲ್ಲಿ 14 ಡೆಸಿಬೆಲ್ ಕೆಳಗೆ. ಗುಡ್ಡ ಎಲ್ಲೂ ಇಲ್ಲ.

ಇಲ್ಲಿ ಸ್ವಲ್ಪ ಹೊತ್ತು ಆಡಿ ನೋಡಿ. ಗಾತ್ರವನ್ನು 90 ಮಾಡಿ, 50 ಮಾಡಿ. ಶ್ರುತಿಯನ್ನು 25ಕ್ಕೆ ಇಳಿಸಿ, 40ಕ್ಕೆ ಏರಿಸಿ. ಗೆರೆ ಹೇಗೆ ಬಾಗುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗಲಿ. ಒಂದು ಸಂಜೆ ಪೂರ್ತಿ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ಒಂದು ಗೆರೆ ನೋಡಿ ಎದ್ದು ಹೋಗಬೇಡಿ

ಹೆಚ್ಚಿನವರು ನಿಲ್ಲುವುದು ಇಲ್ಲೇ. ಸಪಾಟು ಗೆರೆ ಕಂಡಿತು, ಅಳತೆ ಬರೆದುಕೊಂಡರು, ಎದ್ದರು. ಆ ಗೆರೆ ಹೇಳುವುದು ಮೆಲ್ಲಗೆ ಹಾಕಿದಾಗ ಏನಾಗುತ್ತದೆ ಎಂಬುದನ್ನು ಮಾತ್ರ. ಜೋರು ಮಾಡಿದಾಗ ಏನಾಗುತ್ತದೆ ಅಂತ ಹೇಳುವ ಗೆರೆಗಳು ಬೇರೆ ಎರಡಿವೆ. ಸಿಗ್ನಲ್ ಟ್ಯಾಬ್‌ಗೆ ಹೋಗಿ ನಿಮ್ಮ ಆಂಪ್ಲಿಫೈಯರ್ ನಿಜವಾಗಿ ಕೊಡುವ ವ್ಯಾಟ್ ಹಾಕಿ. ನನ್ನದು 200.

ಈಗ ಕೋನ್ ಎಕ್ಸ್‌ಕರ್ಷನ್ ಎಂಬ ಗ್ರಾಫ್ ತೆರೆಯಿರಿ. 40ರಿಂದ 45 ಹರ್ಟ್ಜ್‌ನಲ್ಲಿ ನನ್ನ ಕೋನ್ ಸುಮಾರು 8 ಮಿ.ಮೀ. ಓಡುತ್ತದೆ. ಮಿತಿ 10. ಸರಿ. 30 ಹರ್ಟ್ಜ್‌ನಲ್ಲಿ ಬರೀ 3 ಮಿ.ಮೀ. ಶ್ರುತಿಯಲ್ಲಿ ಕೋನ್ ನಿಲ್ಲುತ್ತದೆ ಅಂದೆನಲ್ಲ, ಅದು ಇದೇ. ಆದರೆ 20 ಹರ್ಟ್ಜ್‌ಗೆ ಬನ್ನಿ. 17 ಮಿ.ಮೀ.! ಹಿಡಿತ ತಪ್ಪಿದ ಕೋನ್. ಸಿನಿಮಾದಲ್ಲಿ ಒಂದು ಸ್ಫೋಟದ ದೃಶ್ಯ ಬಂದರೆ ಸಾಕು, ಕಾಯಿಲ್ ಹಿಂದಿನ ತಟ್ಟೆಗೆ ಬಡಿದು ಟಕ್ ಅನ್ನುತ್ತದೆ. ಎರಡು ಸಲ ಹಾಗಾದರೆ ಸ್ಪೀಕರ್ ಮುಗಿಯಿತು.

ಇದಕ್ಕೆ ಮದ್ದು ಸಬ್‌ಸಾನಿಕ್ ಫಿಲ್ಟರ್, ತೀರಾ ಕೆಳಗಿನ ಸ್ವರ ಸ್ಪೀಕರಿಗೆ ಹೋಗದ ಹಾಗೆ ತಡೆಯುವಂಥದ್ದು. ಕಾರಿನ ಆಂಪ್ಲಿಫೈಯರ್‌ಗಳಲ್ಲಿ ಸಾಧಾರಣ ಇರುತ್ತದೆ, ಇಲ್ಲದಿದ್ದರೆ ಡಿಎಸ್‌ಪಿ ಬೋರ್ಡ್‌ನಲ್ಲಿ (ಆಂಪ್ಲಿಫೈಯರಿಗೆ ಹೋಗುವ ಮೊದಲು ಶಬ್ದವನ್ನು ತಿದ್ದುವ ಬೋರ್ಡ್) ಸಿಗುತ್ತದೆ. ಸಾಫ್ಟ್‌ವೇರ್‌ನ ಫಿಲ್ಟರ್ ಟ್ಯಾಬ್‌ನಲ್ಲಿ 25 ಹರ್ಟ್ಜ್, ನಾಲ್ಕನೇ ದರ್ಜೆಯ ಬಟರ್‌ವರ್ತ್ ಹೈಪಾಸ್ (25ರ ಕೆಳಗಿನದನ್ನು ಕಡಿದಾಗಿ ಇಳಿಸುವ ಒಂದು ಬಗೆಯ ಫಿಲ್ಟರ್) ಹಾಕಿ ನೋಡಿದೆ. 20 ಹರ್ಟ್ಜ್‌ನ 17 ಮಿ.ಮೀ. 7ರ ಒಳಗೆ ಬಂತು. ವೆಂಟೆಡ್ ಡಬ್ಬಕ್ಕೆ ಈ ಫಿಲ್ಟರ್ ಬೇಕೇ ಬೇಕು. ಇದರಲ್ಲಿ ಉಳಿತಾಯ ನೋಡಬೇಡಿ.

ಎರಡನೆಯದು ಪೋರ್ಟಿನ ಗಾಳಿಯ ವೇಗ, ರಿಯರ್ ಪೋರ್ಟ್ ಏರ್ ವೆಲಾಸಿಟಿ. ಗಾಳಿ ವೇಗವಾಗಿ ಓಡಿದರೆ ಪೋರ್ಟ್ ಉಸ್ ಉಸ್ ಅನ್ನುತ್ತದೆ. ಸಾಧಾರಣವಾಗಿ ಸೆಕೆಂಡಿಗೆ 17 ಮೀಟರ್ ಒಳಗೆ ಇಡುತ್ತಾರೆ, ಶಬ್ದದ ವೇಗದ ನೂರರಲ್ಲಿ ಐದು ಪಾಲು.

ವೆಂಟ್ಸ್ ಟ್ಯಾಬ್‌ನಲ್ಲಿ ನನ್ನ ಹಳೆಯ ಗೆಳೆಯ 110 ಮಿ.ಮೀ. ಪೈಪನ್ನೇ ಮೊದಲು ಹಾಕಿದೆ. ಒಳವ್ಯಾಸ 10.4 ಸೆಂ.ಮೀ. ನೆನಪಿಡಿ, ಪಿವಿಸಿ ಪೈಪಿನ 110 ಅನ್ನುವುದು ಹೊರವ್ಯಾಸ. ನಿಮ್ಮ ಪೈಪಿನ ಒಳಗನ್ನು ಸ್ಕೇಲ್ ಇಟ್ಟು ಅಳೆಯಿರಿ. ಉದ್ದ 36 ಸೆಂ.ಮೀ. ಬಂತು, ಡಬ್ಬದೊಳಗೆ ಹಿಡಿಯುತ್ತದೆ. ಆದರೆ ವೇಗ? 100 ವ್ಯಾಟ್‌ಗೇ 17 ಮೀಟರ್. 200 ವ್ಯಾಟ್‌ಗೆ 24.

ಸರಿ, 160 ಮಿ.ಮೀ. ಪೈಪ್ ನೋಡೋಣ. ಒಳಗೆ 15.2 ಸೆಂ.ಮೀ. ವೇಗ 11ಕ್ಕೆ ಇಳಿಯಿತು, ಚೆಂದವೇ. ಆದರೆ ಪೈಪಿನ ಉದ್ದ 82 ಸೆಂ.ಮೀ.! ಡಬ್ಬಕ್ಕಿಂತ ಪೈಪೇ ಉದ್ದ. ಅದೂ ಅಲ್ಲದೆ ಅಷ್ಟು ಉದ್ದದ ಪೈಪ್ ಕೊಳಲಿನ ಹಾಗೆ 200 ಹರ್ಟ್ಜ್ ಆಸುಪಾಸಿನಲ್ಲಿ ತನ್ನದೇ ಸ್ವರ ಹಾಡುತ್ತದೆ. ಎರಡು 110 ಪೈಪ್ ಹಾಕಿದರೂ ಕಥೆ ಅದೇ, ತಲಾ 79 ಸೆಂ.ಮೀ.

ಇದು ವೆಂಟೆಡ್ ಡಬ್ಬದ ನಿಜವಾದ ಗಂಟು. ಬಾಯಿ ಅಗಲ ಮಾಡಿದರೆ ಕುತ್ತಿಗೆ ಉದ್ದವಾಗುತ್ತದೆ. ಕುತ್ತಿಗೆ ಗಿಡ್ಡ ಮಾಡಿದರೆ ಬಾಯಿ ಸೀಟಿ ಹೊಡೆಯುತ್ತದೆ. ಸಾಫ್ಟ್‌ವೇರ್ ಈ ಗಂಟನ್ನು ತೋರಿಸುತ್ತದೆ, ಬಿಚ್ಚಿ ಕೊಡುವುದಿಲ್ಲ. ಬಿಚ್ಚುವುದು ನೀವು. ಕೆಲವರು ಡಬ್ಬ ದೊಡ್ಡದು ಮಾಡುತ್ತಾರೆ. ಕೆಲವರು ಶ್ರುತಿ 33, 34ಕ್ಕೆ ಏರಿಸುತ್ತಾರೆ. ನಾನು ಡಬ್ಬದ ತಳದಲ್ಲೇ ಸೀಳು ಪೋರ್ಟ್, ಅಂದರೆ ಪೈಪಿನ ಬದಲು ಹಲಗೆಗಳ ನಡುವೆ ಚಪ್ಪಟೆ ದಾರಿ, ಮಾಡಲು ಹೊರಟೆ. ಒಳಗಿನ ಅಗಲ ಪೂರ್ತಿ 34 ಸೆಂ.ಮೀ., ಎತ್ತರ 3.5. ಬಾಯಿ 119 ಚದರ ಸೆಂ.ಮೀ. ಉದ್ದ 52 ಸೆಂ.ಮೀ. 200 ವ್ಯಾಟ್‌ಗೆ ವೇಗ ಸರಿಸುಮಾರು 17. ಅಂಚಿನಲ್ಲಿ ನಿಂತಿತು, ಆದರೆ ನಿಂತಿತು. ಸೀಳು ತೀರಾ ತೆಳ್ಳಗಾದರೆ ಗಾಳಿ ಹಲಗೆಗೆ ಉಜ್ಜಿ ಶಕ್ತಿ ಕಳೆಯುತ್ತದೆ. 3 ಸೆಂ.ಮೀ.ಗಿಂತ ಕೆಳಗೆ ಹೋಗಲು ನನಗೆ ಮನಸ್ಸಿಲ್ಲ.

ಯಾವ ಸ್ವರ ಎಷ್ಟು ತಡವಾಗಿ ಬರುತ್ತದೆ ಅಂತ ಹೇಳುವ ಗ್ರೂಪ್ ಡಿಲೇ ಎಂಬ ಗ್ರಾಫ್ ಕೂಡ ಇದೆ. ಗೆರೆ ಸಪಾಟಾಗಿ, ಶ್ರುತಿ 30ರ ಹತ್ತಿರ ಇದ್ದರೆ ಮೊದಲ ಡಬ್ಬದಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಲೀಟರಿನಿಂದ ಹಲಗೆಗೆ

65 ಲೀಟರ್ ಅಂದರೆ ಗಾಳಿಗೆ ಸಿಗಬೇಕಾದ ಜಾಗ. ಡಬ್ಬದೊಳಗೆ ಬೇರೆಯವರೂ ಕೂತಿರುತ್ತಾರೆ. ಸೀಳಿನ ಒಳಗಿನ ಗಾಳಿ 6.2 ಲೀಟರ್. ಸೀಳಿನ ಮೇಲಿನ ಹಲಗೆ 2.8. ಸ್ಪೀಕರಿನ ಹಿಂಭಾಗ, ಅಯಸ್ಕಾಂತ ಸೇರಿ ಸುಮಾರು 3. ಅಡ್ಡಪಟ್ಟಿಗಳು 2.5. ಎಲ್ಲ ಕೂಡಿಸಿದರೆ 79.5. ನಾನು 34 ಅಗಲ, 48 ಎತ್ತರ, 49 ಸೆಂ.ಮೀ. ಆಳ ಇಟ್ಟೆ, 80 ಲೀಟರ್. ಈ ಕೂಡಿಸುವಿಕೆ ಮರೆತು 65 ಲೀಟರಿನ ಡಬ್ಬ ಮಾಡಿದರೆ ಗಾಳಿಗೆ ಉಳಿಯುವುದು 50. ಶ್ರುತಿ ಮೇಲೆ ಹೋಗುತ್ತದೆ, ಅಷ್ಟು ಹೊತ್ತು ನೋಡಿದ ಗೆರೆಗಳಿಗೆಲ್ಲ ಅರ್ಥವೇ ಇರುವುದಿಲ್ಲ.

18 ಮಿ.ಮೀ. ಪ್ಲೈವುಡ್‌ನಲ್ಲಿ ಹಲಗೆಗಳು ಹೀಗೆ. ಮೇಲೆ ಕೆಳಗೆ ಎರಡು, 37.6 × 52.6 ಸೆಂ.ಮೀ. ಬದಿಗೆ ಎರಡು, 48 × 52.6. ಹಿಂದೆ ಒಂದು, 34 × 48. ಮುಂದೆ ಒಂದು, 34 × 44.5, ಕೆಳಗಿನ 3.5 ಸೆಂ.ಮೀ. ಸೀಳಿನ ಬಾಯಿಗೆ ಬಿಟ್ಟದ್ದು. ಸೀಳಿನ ಮೇಲಿನ ಹಲಗೆ 34 × 45.5. ಇದು ಮುಂದಿನ ಹಲಗೆಯ ಹಿಂಬದಿಗೆ ತಾಗಿ ಶುರುವಾಗಿ, ಹಿಂದಿನ ಗೋಡೆಗೆ 3.5 ಸೆಂ.ಮೀ. ಇರುವಾಗ ನಿಲ್ಲುತ್ತದೆ. ಗಾಳಿ ಅಲ್ಲಿ ಮೇಲಕ್ಕೆ ತಿರುಗುತ್ತದೆ. ಮುಂದಿನ ಹಲಗೆಯ ದಪ್ಪ, ತಿರುವಿನ ನಡುಗೆರೆ ಎಲ್ಲ ಸೇರಿ ಉದ್ದ 52.6 ಸೆಂ.ಮೀ. ಆಗುತ್ತದೆ. ಬೇಕಾದ್ದಕ್ಕಿಂತ ಕೂದಲೆಳೆ ಜಾಸ್ತಿ, ಅಡ್ಡಿಯಿಲ್ಲ. 8 × 4 ಅಡಿಯ ಒಂದು ಶೀಟ್ ಇದಕ್ಕೆಲ್ಲ ಸಾಕು, ಅಡ್ಡಪಟ್ಟಿಗೂ ಉಳಿಯುತ್ತದೆ.

ನಮ್ಮ ಆಚಾರಿಯವರ ಲೆಕ್ಕ ಇಂಚು ಮತ್ತು ನೂಲಿನಲ್ಲಿ. ಎಂಟು ನೂಲಿಗೆ ಒಂದು ಇಂಚು. 3.5 ಸೆಂ.ಮೀ. ಅಂದರೆ ಒಂದು ಇಂಚು ಮೂರು ನೂಲು. ಪಟ್ಟಿ ಓದಿ ಅವರು ಕೇಳಿದರು, "ಮಾಷ್ಟ್ರೇ, ಒಂದು ನೂಲು ಆಚೀಚೆ ಆದರೆ ತೊಂದರೆ ಉಂಟಾ?"

"ಹೊರಗಿನ ಅಳತೆಯಲ್ಲಿ ಆದರೆ ತೊಂದರೆ ಇಲ್ಲ ಆಚಾರಿಯವರೇ. ಈ ಸೀಳಿನ ಎತ್ತರದಲ್ಲಿ ಮಾತ್ರ ಆಗಬಾರದು."

ಒಂದು ನೂಲು ಅಂದರೆ 3 ಮಿ.ಮೀ. 35 ಮಿ.ಮೀ. ಸೀಳಿನಲ್ಲಿ 3 ಕಡಿಮೆಯಾದರೆ ಶ್ರುತಿ ಒಂದು ಹರ್ಟ್ಜ್‌ಗಿಂತ ಜಾಸ್ತಿ ಇಳಿಯುತ್ತದೆ, ಗಾಳಿಯ ವೇಗವೂ ಏರುತ್ತದೆ. ಅವರು 35 ಮಿ.ಮೀ.ನ ಎರಡು ಮರದ ತುಂಡು ಕೊಯ್ದು ಸೀಳಿನ ಎರಡೂ ಬದಿಗೆ ಇಟ್ಟು, ಅದರ ಮೇಲೆ ಹಲಗೆ ಕೂರಿಸಿ ಮೊಳೆ ಹೊಡೆದರು. ಆಮೇಲೆ ತುಂಡು ಎಳೆದು ತೆಗೆದರು. ಇದು ನನಗೆ ಹೊಳೆದಿರಲಿಲ್ಲ. ನೀವೂ ಹೀಗೇ ಮಾಡಿಸಿ.

ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಬೇಡ. ಬೇರೆ ಊರಲ್ಲಿ ಅದು ಒಳ್ಳೆಯದೇ ಇರಬಹುದು. ಇಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಎಂಡಿಎಫ್‌ನ ಅಂಚು ಅವಲಕ್ಕಿಯ ಹಾಗೆ ಉಬ್ಬುತ್ತದೆ. ಐಎಸ್ 710 ಗುರುತಿನ ಮೆರೈನ್ ಪ್ಲೈ ತೆಗೆದುಕೊಳ್ಳಿ. ಕೊಯ್ದ ಅಂಚುಗಳಿಗೆಲ್ಲ ವಾರ್ನಿಷ್ ಕುಡಿಸಿ. ಸಂದಿಗಳಿಗೆ ಮರದ ಅಂಟು, 4 ಇಂಚಿಗೊಂದು ಸ್ಕ್ರೂ. ಒಳಗಿನ ಸಂದಿಗಳಿಗೆ ಇನ್ನೊಂದು ಸುತ್ತು ಅಂಟು ಎಳೆಯಿರಿ. ಸೋರುವ ವೆಂಟೆಡ್ ಡಬ್ಬ ತೂತಾದ ಶಂಖದ ಹಾಗೆ, ಶ್ರುತಿಯೇ ನಿಲ್ಲುವುದಿಲ್ಲ. ಎದುರುಬದುರು ಗೋಡೆಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿ. ಗೋಡೆಗಳಿಗೆ ಒಂದು ಇಂಚು ಪಾಲಿಯೆಸ್ಟರ್ ಹತ್ತಿ ಅಂಟಿಸಬಹುದು. ಸೀಳಿನ ಒಳಗೂ ಅದರ ಹಿಂಬಾಯಿಯ ಹತ್ತಿರವೂ ಮಾತ್ರ ಏನೂ ಇರಬಾರದು. ಸೀಳಿನ ಎರಡೂ ಬಾಯಿಯ ಅಂಚನ್ನು ಉರುಟು ಮಾಡಿಸಿ. ಉಸ್ ಅನ್ನುವುದು ಬಹಳ ಕಡಿಮೆಯಾಗುತ್ತದೆ.

ಶ್ರುತಿ ಬಂತೋ ನೋಡುವುದು

ಹಿಂದಿನ ಹಲಗೆಯನ್ನು ಮೊದಲ ದಿನ ಅಂಟಿಸಬೇಡಿ. ರಬ್ಬರ್ ಪಟ್ಟಿ ಇಟ್ಟು ಸ್ಕ್ರೂ ಮಾತ್ರ ಹಾಕಿ. ಶ್ರುತಿ ತಿದ್ದಬೇಕಾದರೆ ಒಳಗೆ ಕೈ ಹೋಗಬೇಕಲ್ಲ.

ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಆಂಪ್ಲಿಫೈಯರ್ ಮೆಲ್ಲಗಿರಲಿ, ಬಹಳ ಮೆಲ್ಲಗೆ. ಕೋನಿನ ಮೇಲೆ ಚಾಕ್‌ನಿಂದ ಒಂದು ಚುಕ್ಕೆ ಇಡಿ. 50 ಹರ್ಟ್ಜ್‌ನಿಂದ ಒಂದೊಂದೇ ಇಳಿಸುತ್ತಾ ಬನ್ನಿ. 40ರಲ್ಲಿ ಚುಕ್ಕೆ ಮಸುಕಾದ ಗೆರೆಯ ಹಾಗೆ ಕಾಣುತ್ತದೆ. ಇಳಿದ ಹಾಗೆ ಗೆರೆ ಗಿಡ್ಡವಾಗುತ್ತಾ ಹೋಗುತ್ತದೆ. ಒಂದು ಕಡೆ ಅದು ಮತ್ತೆ ಚುಕ್ಕೆಯೇ ಆಗುತ್ತದೆ. ಅದೇ ಹೊತ್ತಿಗೆ ಸೀಳಿನ ಬಾಯಿಗೆ ಕಾಗದದ ಪಟ್ಟಿ ಹಿಡಿದರೆ ಪಟಪಟ ಹೊಡೆಯುತ್ತದೆ. ಕೋನ್ ನಿಂತಿದೆ, ಗಾಳಿ ಹೊರಟಿದೆ. ನನ್ನ ಹೆಂಡತಿ ಆ ಕಾಗದ ಹಿಡಿದು ನಿಂತಿದ್ದಳು. "ಸ್ಪೀಕರ್ ಅಲುಗುವುದೇ ಇಲ್ಲ, ಗಾಳಿ ಎಲ್ಲಿಂದ ಬರ್ತದೆ?" ಅಂತ ಮತ್ತೆ ಮತ್ತೆ ಬಗ್ಗಿ ನೋಡಿದಳು.

ಇನ್ನೂ ಖಚಿತ ಬೇಕಾದರೆ ಸ್ಪೀಕರಿಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಹಾಕಿ. ಮಿಲಿವೋಲ್ಟ್ ತೋರಿಸುವ ಮಲ್ಟಿಮೀಟರನ್ನು ಸ್ಪೀಕರಿನ ಎರಡು ತುದಿಗೆ ಇಡಿ. ಹರ್ಟ್ಜ್ ಬದಲಾಯಿಸುತ್ತಾ ಹೋದರೆ ಅಂಕಿ ಎರಡು ಸಲ ಏರುತ್ತದೆ, ನಡುವೆ ಒಂದು ಸಲ ಇಳಿಯುತ್ತದೆ. ಆ ನಡುವಿನ ತಗ್ಗೇ ಡಬ್ಬದ ಶ್ರುತಿ. ಆರ್‌ಇಡಬ್ಲ್ಯೂ ಇದ್ದರೆ ಇದೇ ಎರಡು ಗುಡ್ಡ, ಒಂದು ಕಣಿವೆಯನ್ನು ಗೆರೆಯಲ್ಲಿ ತೋರಿಸುತ್ತದೆ.

ನನ್ನದು 29 ಹರ್ಟ್ಜ್‌ನಲ್ಲಿ ಸಿಕ್ಕಿತು. ಸೀಳು ಡಬ್ಬದ ನೆಲ, ಗೋಡೆಗಳಿಗೆ ತಾಗಿಕೊಂಡೇ ಇರುವುದರಿಂದ ಲೆಕ್ಕಕ್ಕಿಂತ ಸ್ವಲ್ಪ ಉದ್ದವಿರುವ ಹಾಗೆ ವರ್ತಿಸುತ್ತದೆ. ಸರಿಯಾಗಿ 30ಕ್ಕೆ ತರಬೇಕಾದರೆ ಹಲಗೆಯನ್ನು ನಾಲ್ಕು ಸೆಂ.ಮೀ.ಯಷ್ಟು ಕೊಯ್ಯಬೇಕಿತ್ತು. ಸಾಫ್ಟ್‌ವೇರ್‌ನಲ್ಲಿ 29 ಹಾಕಿ ನೋಡಿದೆ. 30 ಹರ್ಟ್ಜ್‌ನಿಂದ ಮೇಲೆ ಗೆರೆ ಅರ್ಧ ಡೆಸಿಬೆಲ್ ಕೂಡ ಸರಿಯಲಿಲ್ಲ. ಹಾಗೇ ಬಿಟ್ಟೆ. ನಿಮಗೆ 26 ಅಥವಾ 34 ಬಂದರೆ ಮಾತ್ರ ಗರಗಸ ಎತ್ತಿ, ಅದಕ್ಕೂ ಮೊದಲು ಎಲ್ಲಾದರೂ ಸೋರುತ್ತಿದೆಯೋ ನೋಡಿ.

ಕೊನೆಗೆ ಕೋಣೆಯಲ್ಲಿ ಇಡುವುದು. ಮೂಲೆಗೆ ಒತ್ತಿದರೆ ಜೋರು ಕೇಳುತ್ತದೆ, ಕೋಣೆಯ ಗುಡ್ಡವೂ ಜೋರಾಗುತ್ತದೆ. ನನ್ನ 47 ಹರ್ಟ್ಜ್ ಮೂಲೆಯಲ್ಲಿ ಹಾಗೇ ಕೂತಿತ್ತು. ಡಬ್ಬವನ್ನು ಉದ್ದನೆಯ ಗೋಡೆಯ ನಡುವಿಗೆ ತಂದ ಮೇಲೆ ಅದು ತಗ್ಗಿತು. ಸೀಳಿನ ಬಾಯಿಗೂ ಎದುರಿನ ಗೋಡೆಗೂ ಒಂದು ಗೇಣಾದರೂ ಜಾಗ ಬಿಡಿ.

ಆಮೇಲೆ ಅದೇ ಆ್ಯಪ್‌ನಲ್ಲಿ 20ರಿಂದ 80 ಹರ್ಟ್ಜ್ ತನಕ ನಿಧಾನಕ್ಕೆ ಏರಿಸುತ್ತಾ ಕೋಣೆ ಪೂರ್ತಿ ಸುತ್ತಿ ಬನ್ನಿ. ಮುರಕಲ್ಲಿನ ಗೋಡೆ ಅಲುಗುವುದಿಲ್ಲ. ಹೆಂಚು, ಮುಚ್ಚಿಗೆಯ ಹಲಗೆ, ಸ್ಟೀಲ್ ತಟ್ಟೆಯ ಸ್ಟ್ಯಾಂಡ್ ಇವೆಲ್ಲ ತಮ್ಮ ತಮ್ಮ ಹರ್ಟ್ಜ್ ಬಂದಾಗ ಮಾತಾಡುತ್ತವೆ. ನಮ್ಮಲ್ಲಿ 43ಕ್ಕೆ ಕಿಟಕಿಯ ಚಿಲಕ ಕಟಕಟ ಅಂದಿತು. ಎರಡು ದಿನ ನಾನು ಅದನ್ನು ಡಬ್ಬದೊಳಗಿನ ಸಡಿಲ ಸ್ಕ್ರೂ ಅಂತಲೇ ತಿಳಿದು ಬಿಚ್ಚಿ ಬಿಚ್ಚಿ ನೋಡಿದ್ದೆ. ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಚಿಲಕದ ಅಡಿಗೆ ಸಿಕ್ಕಿಸಿದ ಮೇಲೆ ನಿಂತಿತು.